ಅಭಿಪ್ರಾಯ ಕೇಳಲು ಹೊರಟ ಪುಟ್ಟಿಗೆ

ಹಾಸನ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕುಲಾಂತರಿ (ವಂಶವಾಹಿ ಬದಲಿಸಿದ) ಆಲೂಗಡ್ಡೆ ಬಗ್ಗೆ ನಮ್ಮ ಕಡೆಯ ರೈತರನ್ನು ಕೇಳಲು ನೀನು ಬರೆದ ಪ್ರಶ್ನೆಗಳನ್ನು ಓದಿದೆ. ಮೊದಲನೆಯದೇ ಸರಿಯಿಲ್ಲ. "ಅಂಗಮಾರಿ ತಡೆಯುವ ತಳಿ ಬಂದರೆ ಹಾಕುತ್ತೀರಾ?" ಅಂದರೆ ಯಾರು ಬೇಡ ಅಂತಾರೆ? ನಾಲ್ಕು ದಿನ ಮೋಡ ಮುಚ್ಚಿ ಜಿಟಿಜಿಟಿ ಮಳೆ ಹಿಡಿದರೆ ಆ ರೋಗ ತಗುಲಿ ಎಲೆ ಕಪ್ಪಾಗಿ ಹೊಲವೇ ಸುಟ್ಟಂತಾಗುವುದನ್ನು ಕಂಡವರು ಅವರು. ಅದೇ ತಳಿಯನ್ನು "ಪ್ರಯೋಗಾಲಯದಲ್ಲಿ ವಂಶವಾಹಿ ಸೇರಿಸಿದ ಆಲೂಗಡ್ಡೆ" ಅಂದರೆ ಅದೇ ಮನುಷ್ಯ ಹಿಂಜರಿಯಬಹುದು. ಎರಡೂ ಮಾತು ನಿಜವೇ. ಹಾಗಾಗಿ 100 ಹಾಳೆಯಲ್ಲಿ 50ಕ್ಕೆ ಒಂದು ಮಾತು, 50ಕ್ಕೆ ಇನ್ನೊಂದು ಹಾಕಿ, ಕಲೆಸಿ ಹಂಚು. ಎರಡರ ಉತ್ತರದಲ್ಲಿ ದೊಡ್ಡ ಅಂತರ ಬಂದರೆ ಜನರ ಅಭಿಪ್ರಾಯ ಇನ್ನೂ ಗಟ್ಟಿಯಾಗಿಲ್ಲ ಅಂತ ತಿಳಿ. "ಇನ್ನೂ ಯೋಚಿಸಿಲ್ಲ" ಅನ್ನುವುದಕ್ಕೂ ಜಾಗ ಬಿಡು. ಇಲ್ಲದಿದ್ದರೆ ಮನೆಗೆ ಬಂದ ಹುಡುಗಿ ಅನ್ನೋ ದಾಕ್ಷಿಣ್ಯಕ್ಕೆ "ಹೂಂ" ಅಂತಾರೆ.

"ತಿಳುವಳಿಕೆ ಕೊಟ್ಟರೆ ಒಪ್ಪುತ್ತಾರೆ" ಅಂತಲೂ ಬರೆದಿದ್ದೀಯ. ಅದನ್ನು ತೆಗೆದುಬಿಡು. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ನಂತರ ವಿಕಿರಣದ ಧೂಳು ಮಳೆಯ ಜೊತೆ ಬಿದ್ದು ಇಂಗ್ಲೆಂಡಿನ ಕಂಬ್ರಿಯಾದಲ್ಲಿ ಕುರಿ ಮಾರಾಟಕ್ಕೆ ತಡೆ ಬಿತ್ತು. ಮೂರು ವಾರದಲ್ಲಿ ಸರಿಹೋಗುತ್ತೆ ಅಂದರು ವಿಜ್ಞಾನಿಗಳು. ಅವರ ಲೆಕ್ಕ ಜೇಡಿಮಣ್ಣಿನದು. ಆ ಗುಡ್ಡಗಳದ್ದೋ ಕೊಳೆತ ಸೊಪ್ಪಿನ ಮಣ್ಣು. ವಿಕಿರಣ ಸೂಸುವ ಸೀಸಿಯಂ ಅದರಲ್ಲಿ ಕಟ್ಟಿಕೊಳ್ಳದೆ ಮತ್ತೆ ಮತ್ತೆ ಹುಲ್ಲಿಗೆ ಏರಿತು. ಕೆಲವು ಕಡೆ ತಡೆ ಪೂರ್ತಿ ತೆಗೆದದ್ದು 2012ರಲ್ಲಿ. ತಮ್ಮ ಮಣ್ಣು, ಕುರಿ ಮೇಯುವ ಜಾಗ ಎಲ್ಲ ಬಲ್ಲ ರೈತರನ್ನು ಯಾರೂ ಕೇಳಿರಲಿಲ್ಲ. ಬ್ರಯನ್ ವಿನ್ ಅನ್ನೋ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಇದನ್ನು ಅಧ್ಯಯನ ಮಾಡಿ ತೋರಿಸಿದ್ದು, ವಿಜ್ಞಾನಿಗಳ ಬಗ್ಗೆ ಆ ರೈತರ ಅಪನಂಬಿಕೆಗೆ ಅಜ್ಞಾನ ಕಾರಣವಲ್ಲ, ಕಂಡ ಅನುಭವ ಕಾರಣ ಅಂತ.

ನಮ್ಮಲ್ಲೂ ಅಷ್ಟೇ. 2010ರ ಫೆಬ್ರವರಿಯಲ್ಲಿ ಬಿಟಿ ಬದನೆಗೆ (ಹುಳು ತಡೆಯಲು ಬ್ಯಾಕ್ಟೀರಿಯಾದ ವಂಶವಾಹಿ ಸೇರಿಸಿದ ಬದನೆ) ತಡೆ ಬೀಳುವ ಮುಂಚೆ ಏಳು ನಗರಗಳಲ್ಲಿ ಜನರ ಮಾತು ಕೇಳಿದರು. ಅಲ್ಲಿ ಬಂದದ್ದು ಆರೋಗ್ಯದ ಪ್ರಶ್ನೆಯಷ್ಟೇ ಅಲ್ಲ, ಬೀಜ ಯಾರ ಕೈಯಲ್ಲಿರುತ್ತೆ ಅನ್ನೋದೂ ಬಂತು.

ಆದ್ದರಿಂದ ನಂಬಿಕೆಯಿಂದ ಶುರುಮಾಡು. "ವಿಜ್ಞಾನಿಗಳನ್ನು ನಂಬುತ್ತೀರಾ?" ಅಂತ ಕೇಳಬೇಡ, ಅದಕ್ಕೆ ಉತ್ತರ ಬಾಯಿಮಾತಿನದು. "ಜಲಂಧರದಿಂದ ಬಂದ ಬಿತ್ತನೆ ಗಡ್ಡೆ ಮೊಳೆಯದೆ ಕೊಳೆತರೆ ಮೊದಲು ಯಾರ ಹತ್ತಿರ ಹೋಗುತ್ತೀರಿ? ನಷ್ಟ ಯಾರು ಕಟ್ಟಿಕೊಡುತ್ತಾರೆ?" ಅಂತ ಕೇಳು. ಔಷಧಿ ಅಂಗಡಿಯವನ ಹೆಸರು ಬಂದರೆ ಅದನ್ನೂ ಬರೆದುಕೋ. ಹೊಸ ತಳಿಯ ಸುದ್ದಿ ಊರಿಗೆ ಬರುವುದು ಆ ಬಾಗಿಲಿನಿಂದಲೇ. ಗಡ್ಡೆ ಕತ್ತರಿಸುವ ಹೆಂಗಸರನ್ನು ಬೇರೆಯಾಗಿ ಕೂರಿಸಿ ಮಾತಾಡಿಸು, ಗಂಡಸರ ಎದುರಿಗೆ ಬೇಡ.

ಮೊದಲು ಹತ್ತು ಜನರ ಹತ್ತಿರ ಓದಿ ನೋಡು. ಎಲ್ಲಿ "ಏನಂದೆ?" ಅಂತಾರೋ ಆ ಸಾಲು ತಿದ್ದು. ಮುಂಗಾರಿನ ಬಿತ್ತನೆ ಶುರುವಾದ ಮೇಲೆ ಹೋಗಬೇಡ, ಆಗ ಯಾರಿಗೂ ಪುರುಸೊತ್ತಿರಲ್ಲ.

ಇಂತಿ ನಿನ್ನ
ದೊಡ್ಡಪ್ಪ