ಚಿಮಣಿಗೆ ಮೆತ್ತಿದ ಸಿಮೆಂಟ್ ತೆಗೆಸಿ: ನಮ್ಮ ಕೌನ್ಸಿಲರ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಕೌನ್ಸಿಲರ್ ಅವರಿಗೆ ನಮಸ್ಕಾರಗಳು.

ಇಂಗ್ಲಿಷಿನಲ್ಲಿ ಬರೆದ ನನ್ನ ಆರು ಪತ್ರಗಳಿಗೆ ತಮ್ಮಿಂದ ಉತ್ತರ ಬರಲಿಲ್ಲ. ಪತ್ರ ಬರೆಯುವಷ್ಟು ಇಲ್ಲಿನ ವೆಲ್ಶ್ ಭಾಷೆ ನನಗೆ ಬಾರದು. ಆದ್ದರಿಂದ ಏಳನೆಯದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕನ್ನಡಿಗರಾದರೂ ಓದಲಿ.

ವೇಲ್ಸ್ ದೇಶದ ಪೆಂಬ್ರೋಕ್‌ಶೈರಿನ ನಮ್ಮ ಹಳ್ಳಿಯಲ್ಲಿ ಮನೆಯೆಲ್ಲ ಬಿದ್ದುಹೋಗಿ, ನಮ್ಮ ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಒಂಟಿಯಾಗಿ ನಿಂತಿರುವ ದುಂಡು ಕಲ್ಲಿನ ಚಿಮಣಿಯ ಸಂಗತಿ ತಮಗೆ ಹೊಸದೇನಲ್ಲ. ಊರವರು ಅದನ್ನು ಫ್ಲೆಮಿಶ್ ಚಿಮಣಿ, ಅಂದರೆ ಫ್ಲಾಂಡರ್ಸ್ ಜನರ ಚಿಮಣಿ, ಎನ್ನುತ್ತಾರೆ. 12ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಒಂದನೇ ಹೆನ್ರಿ ದೊರೆ ಇಂದಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನ ಜನರನ್ನು ಇಲ್ಲಿ ನೆಲೆಗೊಳಿಸಿದ್ದು ನಿಜವಾದರೂ ಈ ಬಗೆಯ ಚಿಮಣಿಗಳು ಅವರಿಗಿಂತ ಬಹಳ ಈಚಿನವೆಂದು ತಿಳಿದವರು ಹೇಳುತ್ತಾರೆ. ಇಲ್ಲಿನ ಸೇಂಟ್ ಡೇವಿಡ್ಸ್ ಊರಿನ ಸುತ್ತಲಿನ ದುಂಡು ಚಿಮಣಿಯ ಹಳೆಯ ಮನೆಗಳ ಬಗ್ಗೆ ಪುರಾತತ್ತ್ವಜ್ಞ ರೋಮಿಲಿ ಆಲೆನ್ 1902ರಲ್ಲೇ ಬರೆದಿಟ್ಟಿದ್ದಾರೆ.

ಕಟ್ಟಿದವರು ಯಾರೇ ಇರಲಿ, ಸುಣ್ಣದ ಗಾರೆಯಲ್ಲಿ ಕಟ್ಟಿದ್ದರು. ಸುಣ್ಣ ಕುಡಿದ ನೀರನ್ನು ಮತ್ತೆ ಗಾಳಿಗೆ ಬಿಟ್ಟುಕೊಡುತ್ತದೆ. ಸಿಮೆಂಟ್ ಒಳಗೇ ಹಿಡಿದಿಡುತ್ತದೆ. ಮೂರು ವರ್ಷಗಳ ಹಿಂದೆ ತಮ್ಮ ಕಚೇರಿ ಕಳಿಸಿದ ಗುತ್ತಿಗೆದಾರ ಒಂದೇ ಮಧ್ಯಾಹ್ನದಲ್ಲಿ ಕಲ್ಲಿನ ಸಂದುಗಳಿಗೆಲ್ಲ ಸಿಮೆಂಟ್ ತುಂಬಿ ಹೋದ. ಅಂದಿನಿಂದ ಆ ನೀರು ದಾರಿ ಹುಡುಕಿಕೊಂಡು ನನ್ನ ಅಡುಗೆಮನೆಗೆ ಬರುತ್ತಿದೆ. ಅಕ್ಕಿ ಚೀಲಕ್ಕೆ ಬೂಷ್ಟು ಹಿಡಿಯಿತು, ಕಪಾಟಿನ ಹಿಂಬದಿ ಕೊಳೆಯಿತು, ಮಗಳ ಕೆಮ್ಮು ಏಪ್ರಿಲ್‌ವರೆಗೂ ಬಿಡಲಿಲ್ಲ. ತೀರ್ಥಹಳ್ಳಿಯಿಂದ ಬಂದಿದ್ದ, ಮಲೆನಾಡಿನ ಮಳೆಯಲ್ಲೇ ಬೆಳೆದ ನನ್ನ ತಾಯಿ, "ಹೊರಗಿನ ಮಳೆ ನಿಂತರೂ ನಿಮ್ಮ ಗೋಡೆಯ ಮಳೆ ನಿಲ್ಲುವುದಿಲ್ಲವಲ್ಲ" ಎಂದರು. ದಯವಿಟ್ಟು ಆ ಸಿಮೆಂಟನ್ನು ತೆಗೆಸಿ.

ಕಳೆದ ನವೆಂಬರಿನಲ್ಲಿ ಪರಿಶೀಲನೆಗೆಂದು ಒಬ್ಬ ಅಧಿಕಾರಿ ಬಂದರು. ಮಳೆಗೆ ಕಾರಿನಿಂದ ಇಳಿಯದೆಯೇ ಪಕ್ಕದ ಮನೆಯ ಇಟ್ಟಿಗೆ ಚಿಮಣಿಯ ಫೋಟೊ ತೆಗೆದುಕೊಂಡು, "ಸುಸ್ಥಿತಿಯಲ್ಲಿದೆ" ಎಂದು ವರದಿ ಬರೆದರು. ಸುಸ್ಥಿತಿಯಲ್ಲಿ ಇಲ್ಲದೆ ಏನು, ಅದಕ್ಕೆ ಮೂವತ್ತು ವರ್ಷವೂ ಆಗಿಲ್ಲ! ವರದಿಯ ಪ್ರತಿ ನನ್ನ ಬಳಿ ಇದೆ; ಬೇಕಾದರೆ ಚೌಕಟ್ಟು ಹಾಕಿಸಿ ಕಳಿಸುತ್ತೇನೆ.

ಸರ್ಕಾರದ ಸಂರಕ್ಷಿತ ಹಳೆಯ ಕಟ್ಟಡಗಳ ಪಟ್ಟಿಯಲ್ಲಿ ಸೇರಿದ ಕಟ್ಟಡದ ನಿಯಮಗಳನ್ನು ತಮಗೆ ನಾನು ಹೇಳಬೇಕಾಗಿಲ್ಲ. ಅನುಮತಿಯಿಲ್ಲದೆ ಅದರ ರೂಪ ಕೆಡಿಸುವ ಕೆಲಸಕ್ಕೆ ನಾನು ಕೈಹಾಕಿದರೆ ಅದು ಅಪರಾಧ. ತಮ್ಮ ಗುತ್ತಿಗೆದಾರ ಇಡೀ ಚಿಮಣಿಗೆ ಸಿಮೆಂಟ್ ಬಳಿದರೆ ಅದು ದುರಸ್ತಿ. ಸಿಮೆಂಟ್ ತೆಗೆಸಿ, ಸುಣ್ಣದ ಕೆಲಸ ಬಲ್ಲವರಿಂದ ಸಂದು ತುಂಬಿಸಿ. ಈ ಚಳಿಗಾಲದ ಹಿಮ ಕಟ್ಟುವ ಮೊದಲೇ ತೆಗೆಸಿ, ಏಕೆಂದರೆ ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಕಲ್ಲುಗಳ ಮುಖವೇ ಕಿತ್ತು ಬರುತ್ತದೆ.

ನೋಡಲು ಬರುವವರಿಗೆ ಒಂದು ಗುರುತು: ನಾನು ಹೇಳುತ್ತಿರುವುದು ಕಲ್ಲಿನದು, ದುಂಡಗಿನದು. ಇಟ್ಟಿಗೆಯದು ಪಕ್ಕದ ಮನೆಯವರದು.

ಇತಿ,
ಚಿಮಣಿಯ ಪಕ್ಕದ ಮನೆಯ ನಿವಾಸಿ