ಜ್ವರವಲ್ಲ, ಹಳ್ಳ ಬಂದಿತ್ತು

ಮಾನ್ಯ ಸಂಪಾದಕರೆ,

ಈಗಿನ ಮಕ್ಕಳಿಗೆ ಒಂದು ಅರ್ಜಿಯನ್ನೂ ನೆಟ್ಟಗೆ ಬರೆಯಲು ಬರುವುದಿಲ್ಲ, ಎಲ್ಲ ಮೊಬೈಲಿನಿಂದಲೇ ಕೆಟ್ಟಿತು ಎಂದು ಓದುಗರೊಬ್ಬರು ಕಳೆದ ವಾರ ಇದೇ ಅಂಕಣದಲ್ಲಿ ಬರೆದಿದ್ದರು. ಬರವಣಿಗೆ ಕೆಟ್ಟಿರುವುದು ನಿಜ. ಆದರೆ ಕೆಡಿಸಿದವರ ಪಟ್ಟಿಯಲ್ಲಿ ಮೊಬೈಲಿಗಿಂತ ಮೇಲೆ, ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನನ್ನ ಹೆಸರೇ ಇರಬೇಕು.

ವರ್ಷಾ ವರ್ಷಾ ರಜಾ ಅರ್ಜಿಯ ಪಾಠ ಬಂದಾಗ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದದ್ದು ಒಂದೇ ವಾಕ್ಯ: ‘ನನಗೆ ನಿನ್ನೆ ರಾತ್ರಿಯಿಂದ ತೀವ್ರ ಜ್ವರ ಬಂದಿರುವುದರಿಂದ...’ ಒಮ್ಮೆ ಆಷಾಢದ ಮಳೆಯಲ್ಲಿ ಹುಡುಗನೊಬ್ಬ ಮೂರು ದಿನ ಶಾಲೆಗೆ ಬರಲಿಲ್ಲ. ಹಳ್ಳ ಏರಿ ಅವರ ಮನೆಯ ಹತ್ತಿರದ ಕಾಲುಸಂಕದ ಮೇಲೆ ನೀರು ಹರಿಯುತ್ತಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ನಾಲ್ಕನೆಯ ದಿನ ಅವನು ತಂದ ಅರ್ಜಿಯಲ್ಲಿ ಮಾತ್ರ ಜ್ವರವೇ ಬಂದಿತ್ತು. ಕೇಳಿದ್ದಕ್ಕೆ, ‘ಹಳ್ಳ ಬಂತು ಅಂತ ಅರ್ಜೀಲಿ ಬರೀಬೋದಾ ಸಾರ್?’ ಎಂದ. ನಾನು ನಕ್ಕು ಸುಮ್ಮನಾದೆ. ಬರೆಯಬಹುದು, ಅದನ್ನೇ ಬರೆಯಬೇಕು ಎಂದು ಅವತ್ತು ಹೇಳಬೇಕಿತ್ತು.

ಈ ಸಲದ ಮಳೆಗಾಲದಲ್ಲಿ ಶಿವಮೊಗ್ಗದ ಕಾಲೇಜೊಂದರ ನಾಲ್ವರು ವಿದ್ಯಾರ್ಥಿಗಳು ಅಡಿಕೆಯ ಕೊಳೆರೋಗದ ಬಗ್ಗೆ ವರದಿ ಮಾಡಲು ನಮ್ಮ ಕಡೆ ಬಂದಿದ್ದರು. ನನಗೂ ಒಂದು ಎಕರೆ ತೋಟವಿದೆ. ಮೇಷ್ಟ್ರು ಎಂಬುದು ಗೊತ್ತಾದ ಮೇಲೆ ಕರಡನ್ನು ನನ್ನ ಕೈಗೇ ಕೊಟ್ಟರು. ಅದರಲ್ಲಿ ಹೀಗಿತ್ತು: ‘ಅಡಿಕೆಯು ರೈತರಿಂದ ಬೆಳೆಯಲ್ಪಡುತ್ತಿದ್ದು, ಸದರಿ ಬೆಳೆಗೆ ಬೋರ್ಡೋ ದ್ರಾವಣವು ಅಗತ್ಯ ಪ್ರಮಾಣದಲ್ಲಿ ಸಿಂಪಡಿಸಲ್ಪಟ್ಟಿರುತ್ತದೆ. ಆದಾಗ್ಯೂ ರೋಗವು ಕಂಡುಬಂದಿರುತ್ತದೆ.’

ಕರಡನ್ನು ಮಡಚಿಟ್ಟು, ‘ಏನು ನೋಡಿದಿರಿ, ಬಾಯಲ್ಲಿ ಹೇಳಿ’ ಎಂದೆ. ಒಬ್ಬಳು ಹೇಳಿದಳು: ‘ಮಳೆ ಒಂದಿನಾನೂ ಬಿಡ್ಲಿಲ್ಲ ಸಾರ್. ಮೊದಲ್ನೇ ಸಲ ಹೊಡೆದ ಮದ್ದು ತೊಳೆದು ಹೋಯ್ತಂತೆ. ಎರಡ್ನೇ ಸಲ ಹೊಡೆಯೋಕೆ ಮರ ಹತ್ತೋ ಕೊನೆಗಾರರೇ ಸಿಗ್ಲಿಲ್ವಂತೆ. ಅರ್ಧಕ್ಕರ್ಧ ಕಾಯಿ ಉದುರಿ ಬಿದ್ದಿದೆ, ನಾವೇ ನೋಡಿದ್ವಿ.’

ಇದಕ್ಕಿಂತ ಒಳ್ಳೆಯ ವರದಿ ಬೇಕೆ? ಕರಡಿನಲ್ಲಿ ಯಾರೂ ಏನೂ ಮಾಡುವುದಿಲ್ಲ, ಎಲ್ಲವೂ ತಾನಾಗಿ ‘ಪಡುತ್ತದೆ’. ಅವಳ ಮಾತಿನಲ್ಲಿ ಮಳೆಯಿದೆ, ಸಿಗದ ಕೊನೆಗಾರನಿದ್ದಾನೆ. ಕರ್ಮಣಿ ಪ್ರಯೋಗ ವ್ಯಾಕರಣದಲ್ಲಿ ಇದೆ, ಇಲ್ಲವೆನ್ನುವುದಿಲ್ಲ. ಆದರೆ ‘ನನ್ನಿಂದ ಕಾಫಿ ಕುಡಿಯಲ್ಪಟ್ಟಿತು’ ಎಂದು ಯಾರ ಮನೆಯಲ್ಲಾದರೂ ಹೇಳುತ್ತಾರೆಯೇ? ಮಾಡಿದವರು ಯಾರೆಂದು ತಿಳಿಯದಿದ್ದಾಗ, ಅಥವಾ ಅದು ಮುಖ್ಯವಲ್ಲದಿದ್ದಾಗ ‘ಮಾಡಲಾಗಿದೆ’ ಎಂದರೆ ಸಾಕು. ಗೊತ್ತಿದ್ದರೆ ‘ಬೆಳೆಗಾರರು ಸಿಂಪಡಿಸಿದ್ದಾರೆ’ ಎನ್ನಲು ಏನು ಅಡ್ಡಿ? ಇನ್ನು ‘ಅಗತ್ಯ ಪ್ರಮಾಣ’. ಶೇಕಡ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಎಂದು ಅವರ ನೋಟ್‌ಬುಕ್ಕಿನಲ್ಲೇ ಇತ್ತು. ವರದಿಗೆ ಬರುವಷ್ಟರಲ್ಲಿ ಲೆಕ್ಕ ಹಾರಿ ‘ಅಗತ್ಯ’ ಉಳಿದಿತ್ತು.

‘ಇರುತ್ತದೆ’ ಎಂಬುದಂತೂ ಕಚೇರಿಗಳಿಂದ ಕಾಲೇಜಿಗೆ ಅಂಟಿದ ಜಾಡ್ಯ. ‘ನಮ್ಮ ಮನೆ ಕೋಣಂದೂರಿನಲ್ಲಿ ಇರುತ್ತದೆ’ ಎಂದು ಒಬ್ಬ ಬರೆದಿದ್ದ. ಉಳಿದ ದಿನ ಎಲ್ಲಿಗೆ ಹೋಗುತ್ತದಪ್ಪಾ ಎಂದು ಕೇಳಿದೆ. ‘ಅಂಕಪಟ್ಟಿಯನ್ನು ಲಗತ್ತಿಸಲಾಗಿರುತ್ತದೆ’ ಎನ್ನುವ ಬದಲು ‘ಲಗತ್ತಿಸಿದ್ದೇನೆ’ ಎಂದರೆ ಯಾವ ಪ್ರಾಂಶುಪಾಲರ ಗೌರವಕ್ಕೂ ಕುಂದಿಲ್ಲ. (‘ಪ್ರಾಂಶುಪಾಲರವರು’ ಎಂದು ಎರಡೆರಡು ಸಲ ಬಹುವಚನ ಕೊಡುವುದೂ ಬೇಕಿಲ್ಲ.)

ಆ ಹುಡುಗಿಯ ಮಾತಿನ ‘ಅಂತೆ’ಯನ್ನು ಗಮನಿಸಿ. ಮದ್ದು ತೊಳೆದು ಹೋದದ್ದು ಅವಳು ಕೇಳಿದ್ದು, ಕಾಯಿ ಉದುರಿದ್ದು ಕಣ್ಣಾರೆ ಕಂಡದ್ದು. ಎರಡನ್ನೂ ಬೆರೆಸದೆ ಹೇಳುವ ಸಾಧನ ನಮ್ಮ ಆಡುಮಾತಿನಲ್ಲೇ ಇದೆ. ಬರೆಯುವಾಗ ಆ ‘ಅಂತೆ’ಯನ್ನು ಅಳಿಸಿ ಎಲ್ಲವನ್ನೂ ತಾವೇ ಕಂಡಂತೆ ಬರೆಯುತ್ತಾರೆ. ‘ಎಂದು ಬೆಳೆಗಾರರು ತಿಳಿಸಿದರು’ ಎಂದು ಬದಲಿಸಿಕೊಂಡರೆ ಅದೇ ಶಿಷ್ಟ ಬರಹ. ಪ್ರಬಂಧಕ್ಕೆ ಆಧಾರ ಕೊಡುವುದು ಎಂದು ಅಧ್ಯಾಪಕರು ಹೇಳುವುದರ ಬೇರೂ ಇಲ್ಲೇ ಇದೆ.

ಇನ್ನೊಂದು ವಾಕ್ಯ: ‘ತೋಟಕ್ಕೆ ಹೋಗಿ ಬೆಳೆಗಾರರು ಮಾಹಿತಿ ನೀಡಿದರು.’ ಹೋದವರು ಯಾರು? ಓದಿದರೆ ಬೆಳೆಗಾರರೇ ಹೋದಂತಿದೆ. ‘ನಾವು ತೋಟಕ್ಕೆ ಹೋದಾಗ’ ಎಂದಾಗಬೇಕು. ‘ಸಮಿತಿಯು’ ಎಂದು ಶುರುವಾದ ವಾಕ್ಯ ನಾಲ್ಕು ಸಾಲು ದಾಟಿ ‘ತೀರ್ಮಾನಿಸಿದರು’ ಎಂದು ಮುಗಿಯುವುದೂ ಇದೇ ಜಾತಿಯ ತಪ್ಪು. ವಾಕ್ಯ ಉದ್ದವಾದಷ್ಟೂ ಕರ್ತೃವನ್ನು ದಾರಿಯಲ್ಲೇ ಬಿಟ್ಟುಬರುವ ಅಪಾಯ ಹೆಚ್ಚು.

ಕಾಗುಣಿತದ ವಿಷಯದಲ್ಲಿ ನನಗೆ ಅಷ್ಟು ಸಿಟ್ಟಿಲ್ಲ. ‘ವಿಧ್ಯಾರ್ಥಿ’, ‘ವಿಶಿಷ್ಠ’ ಎಂಬವನ್ನು ಕೆಂಪು ಪೆನ್ನು ತಿದ್ದುತ್ತದೆ. ಕನ್ನಡಕ್ಕೆ ಮಹಾಪ್ರಾಣಗಳೇ ಬೇಡವೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದ್ದು ನಿಜ, ಆದರೆ ಪರೀಕ್ಷೆಯ ಹಾಳೆಯಲ್ಲಿ ಆ ವಾದ ನಡೆಯುವುದಿಲ್ಲ. ‘ಪ್ರಾಮುಖ್ಯತೆ’, ‘ವೈವಿಧ್ಯತೆ’ಗಳ ಬಾಲ ಕತ್ತರಿಸಿ ‘ಪ್ರಾಮುಖ್ಯ’, ‘ವೈವಿಧ್ಯ’ ಎನ್ನಬೇಕೆಂದು ಮಕ್ಕಳಿಗೆ ಹೇಳಿದರೆ ತಮ್ಮ ಪತ್ರಿಕೆಯ ತಲೆಬರಹವನ್ನೇ ತೋರಿಸುತ್ತಾರೆ. ಏನು ಮಾಡಲಿ?

ಟೈಪಿಂಗಿನ ಒಂದು ತಪ್ಪು ಮಾತ್ರ ನಿಜಕ್ಕೂ ಹೊಸದು. ಆ ವರದಿಯ ಮುಖಪುಟದಲ್ಲೇ ‘ತೀಥ೯ಹಳ್ಳಿ’ ಎಂದಿತ್ತು. ಅರ್ಕಾವತ್ತಿನಂತೆ ಕಾಣುತ್ತದೆಂದು ಒಂಬತ್ತರ ಅಂಕಿಯನ್ನು ಕೂರಿಸಿದ್ದರು. ಕೈಯಲ್ಲಿ ಬರೆಯುವಾಗ ಅರ್ಕಾವತ್ತನ್ನು ಅಕ್ಷರದ ನಂತರ ಹಾಕುತ್ತೇವೆ, ಉಚ್ಚಾರ ಮಾತ್ರ ಮೊದಲು. ಕೀಲಿಮಣೆ ಉಚ್ಚಾರವನ್ನು ಅನುಸರಿಸುವುದರಿಂದ ಮೊದಲು ‘ರ್’, ಆಮೇಲೆ ‘ಥ’ ಒತ್ತಬೇಕು. ಹಾಗೆಯೇ ಅನುಸ್ವಾರದ ಜಾಗದಲ್ಲಿ ಸೊನ್ನೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗಲ್ಲ. ನಾಳೆ ಯಾರಾದರೂ ‘ತೀರ್ಥಹಳ್ಳಿ’ ಎಂದು ಹುಡುಕಿದರೆ ಈ ವರದಿ ಸಿಗುವುದೇ ಇಲ್ಲ. ಒಳಪುಟದಲ್ಲಿ ‘ಶಿಮೊಗ್ಗ’ ಎಂದೂ ಇತ್ತು. ಇಂಗ್ಲಿಷಿನವರೇ 2014ರ ನವೆಂಬರ್ 1ರಿಂದ ಶಿವಮೊಗ್ಗ ಎಂದು ಬರೆಯಬೇಕಾಗಿರುವಾಗ ನಮಗೇನಾಗಿದೆ? ಯಂತ್ರಾನುವಾದದಿಂದ ಎತ್ತಿದ ಪುಟವೆಂದು ಅವರೇ ಆಮೇಲೆ ಒಪ್ಪಿಕೊಂಡರು.

ಕನ್ನಡ ಕಲಿಸುತ್ತಿರುವ ನನ್ನ ಕಿರಿಯ ಸಹೋದ್ಯೋಗಿಗಳಲ್ಲಿ ಒಂದು ಕೋರಿಕೆ. ಪತ್ರಲೇಖನಕ್ಕೆ ಮಾದರಿ ಕೊಡಿ, ಆದರೆ ‘ಇವರಿಂದ’, ‘ಇವರಿಗೆ’, ‘ವಿಷಯ’ ಎಂಬಲ್ಲಿಗೆ ನಿಲ್ಲಿಸಿ. ಕಾರಣದ ಜಾಗವನ್ನು ಖಾಲಿ ಬಿಡಿ. ಮಲೆನಾಡಿನ ಮಕ್ಕಳಿಗೆ ಗೈರುಹಾಜರಾಗಲು ಜ್ವರವೊಂದೇ ಕಾರಣವಲ್ಲ. ಬಸ್ಸು ಬರುವುದಿಲ್ಲ, ಧರೆ ಕುಸಿಯುತ್ತದೆ, ಕೊನೆಕೊಯ್ಲಿನ ದಿನ ಮನೆಯಲ್ಲಿ ಕೈ ಸಾಲುವುದಿಲ್ಲ. ಅದನ್ನೇ ಬರೆದುಕೊಂಡು ಬಂದರೆ ದಯವಿಟ್ಟು ಅಂಕ ಕಳೆಯಬೇಡಿ.

ಇತಿ,
ನಿವೃತ್ತ ಕನ್ನಡ ಶಿಕ್ಷಕ,
ತೀರ್ಥಹಳ್ಳಿ ತಾಲ್ಲೂಕು