ಕೆಲಸ ಹೋದವರ ಬಗ್ಗೆ ಮೆಸೇಜ್ ಹಾಕೋ ಮುಂಚೆ ಓದಿ

ಎಲ್ರಿಗೂ ನಮಸ್ಕಾರ, ನಿನ್ನೆ ನಮ್ಮ ಬ್ಲಾಕಲ್ಲಿ ಕೆಲಸ ಕಳ್ಕೊಂಡ ಒಬ್ಬರ ಬಗ್ಗೆ "ಮಾಡಿದ್ದುಣ್ಣೋ ಮಹರಾಯ" ಅಂತ ಯಾರೋ ಹಾಕಿದ್ದು ನೋಡಿ ತುಂಬಾ ಬೇಜಾರಾಯ್ತು, ದಿನಾ ಬೆಳಗ್ಗೆ ಏಳಕ್ಕೇ ಟಿಫಿನ್ ಬ್ಯಾಗ್ ಹಿಡ್ಕೊಂಡು ಐಟಿಪಿಎಲ್ ಬಸ್ ಹತ್ತುತ್ತಿದ್ದ ಮನುಷ್ಯ ರೀ ಅವರು.

ಲೋಕದಲ್ಲಿ ನ್ಯಾಯ ಇದೆ ಅನ್ನೋ ನಂಬಿಕೆ ಧೈರ್ಯ ಕೊಡುತ್ತೆ, ನಿಜ. ಆದ್ರೆ ಅದೇ ನಂಬಿಕೆಯಿಂದ ಕಷ್ಟದಲ್ಲಿರೋರದ್ದೇ ತಪ್ಪು ಅನ್ನಿಸಿಬಿಡಬಹುದು. 1966ರಲ್ಲಿ ಮನಶ್ಶಾಸ್ತ್ರಜ್ಞರಾದ ಮೆಲ್ವಿನ್ ಲರ್ನರ್, ಕ್ಯಾರೊಲಿನ್ ಸಿಮನ್ಸ್ ಮಾಡಿದ ಪ್ರಯೋಗದಲ್ಲಿ ಒಬ್ಬ ಹೆಂಗಸಿಗೆ ಕರೆಂಟ್ ಶಾಕ್ ಕೊಡೋ ಹಾಗೆ ತೋರಿಸಿದ್ರು, ಅದನ್ನ ತಡೆಯೋಕಾಗ್ದೆ ನೋಡ್ತಾ ಕೂತವರು ಅವಳನ್ನೇ ಕೀಳಾಗಿ ಕಂಡ್ರು. ಆಮೇಲೆ 1999ರಲ್ಲಿ ಕ್ಲಾಡಿಯಾ ಡಾಲ್ಬರ್ಟ್ ಅನ್ನೋ ಮನಶ್ಶಾಸ್ತ್ರಜ್ಞೆ "ನನಗೆ ನ್ಯಾಯ ಸಿಗುತ್ತೆ", "ಲೋಕದಲ್ಲಿ ಎಲ್ರಿಗೂ ಸಿಗುತ್ತೆ" ಎರಡನ್ನೂ ಬೇರೆ ಬೇರೆ ನೋಡಿದಾಗ ನೆಮ್ಮದಿಗೆ ಹೆಚ್ಚು ನಂಟು ಇದ್ದಿದ್ದು ಮೊದಲನೇದಕ್ಕೇ. ಅಂದ್ರೆ ನಮ್ಮ ನೆಮ್ಮದಿಗೋಸ್ಕರ ಬೇರೆಯವರದ್ದೇ ತಪ್ಪು ಅನ್ನಬೇಕಾಗಿಲ್ಲ.

ದಯವಿಟ್ಟು ಆ ಮೆಸೇಜ್ ಡಿಲೀಟ್ ಮಾಡಿ, ವೈಟ್‌ಫೀಲ್ಡ್ ಕಡೆ ಓಪನಿಂಗ್ ಇದ್ರೆ ಅವರಿಗೆ ಕಾಲ್ ಮಾಡಿ ಹೇಳಿ.